ತಲೆಗೆ ಪೆಟ್ಟು ಬಿದ್ದ ಹುಡುಗನೂ ಅವನ ಪಾಠವೂ



ತೊಗರಿ ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗಳ ಕಾಲ ಬರುತ್ತದೆ. ಜಾತ್ರೆಯ ಜೊತೆಗೆ ಕಬಡ್ಡಿ ಪಂದ್ಯಗಳು, ಕುಸ್ತಿಗಳು ಬರುತ್ತವೆ. ಹತ್ತನೆಯ ತರಗತಿಯ ಪರೀಕ್ಷೆಯೂ ಅದೇ ದಿನಗಳಲ್ಲಿ ಹತ್ತಿರವಾಗುತ್ತದೆ. ಊರಿನ ಪಂಗಡದಲ್ಲಿ ಆಡುವ ಹುಡುಗನೂ ಪರೀಕ್ಷೆಗೆ ಓದುವ ಹುಡುಗನೂ ಅನೇಕ ವೇಳೆ ಒಬ್ಬನೇ ಆಗಿರುತ್ತಾನೆ. ಆದುದರಿಂದ ಈ ಸಲದ ಪಾಠವನ್ನು ಬೀಜ ಗೊಬ್ಬರದ ಮಾತಿನಿಂದ ಬೇರೆ ತೆಗೆದು, ತಲೆಗೆ ಬಿದ್ದ ಪೆಟ್ಟು ಆಟವನ್ನೂ ಓದನ್ನೂ ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಇಟ್ಟುಕೊಂಡಿದ್ದೇವೆ.

ಇಂಥದನ್ನು ನೀವು ನೋಡಿಯೇ ಇರುತ್ತೀರಿ. ದಾಳಿಗೆ ಬಂದವನ ಕಾಲನ್ನು ಮೂಲೆಯ ಆಟಗಾರ ಹಿಡಿಯುತ್ತಾನೆ. ಉಳಿದವರು ಮೇಲೆ ಬೀಳುತ್ತಾರೆ. ಕೆಳಗೆ ಸಿಕ್ಕವನ ತಲೆಗೆ ಯಾರದೋ ಮೊಣಕಾಲು ಬಡಿಯುತ್ತದೆ. ಅವನು ಏಳುತ್ತಾನೆ, ಆದರೆ ಒಂದು ಕ್ಷಣ ತನ್ನ ಕಡೆ ಯಾವುದೆಂದು ತಿಳಿಯದವನಂತೆ ಅತ್ತಿತ್ತ ನೋಡುತ್ತಾನೆ. ಮುಖಕ್ಕೆ ನೀರು ಚಿಮುಕಿಸುತ್ತಾರೆ, ಉಳ್ಳಾಗಡ್ಡಿ ಮೂಸಿಸುತ್ತಾರೆ. "ಏನೂ ಆಗಿಲ್ಲೋ, ರಕ್ತ ಬಂದಿಲ್ಲ, ನಡಿ ಆಡು" ಎಂದು ಬೆನ್ನು ತಟ್ಟುತ್ತಾರೆ. ರಕ್ತ ಬಂದಿಲ್ಲ ಎಂಬ ಆ ಒಂದು ಮಾತೇ ನಮ್ಮನ್ನು ಮೋಸಗೊಳಿಸುವುದು.

ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರನ್ನು ಬಂಡಿಯಲ್ಲಿಟ್ಟು ಒಯ್ಯುತ್ತೀರಿ ಎಂದುಕೊಳ್ಳಿ. ಗಾಲಿ ಕಲ್ಲಿಗೆ ಬಡಿದು ಬಂಡಿ ತಟ್ಟನೆ ನಿಲ್ಲುತ್ತದೆ. ಗಡಿಗೆ ಒಡೆದಿಲ್ಲ, ಬಿರುಕೂ ಬಿಟ್ಟಿಲ್ಲ. ಆದರೆ ಮುಚ್ಚಳ ತೆಗೆದು ನೋಡಿದರೆ ಮೊಸರು ಒಡೆದಿರುತ್ತದೆ. ತಲೆಬುರುಡೆ ಆ ಗಡಿಗೆ. ಒಳಗಿರುವ ಮೆದುಳು ಬಹಳ ಮೃದುವಾದ ವಸ್ತು. ಅದರ ಸುತ್ತ ತೆಳುವಾದ ದ್ರವವಿರುತ್ತದೆ. ಓಡುವ ತಲೆ ಒಮ್ಮೆಲೇ ನಿಂತಾಗ ಅಥವಾ ಗಿರಕ್ಕನೆ ತಿರುಗಿದಾಗ ಮೆದುಳು ಒಳಗೇ ಅದುರುತ್ತದೆ, ಅದರ ಸಣ್ಣ ಎಳೆಗಳು ಜಗ್ಗುತ್ತವೆ. ಇದಕ್ಕೆ ಡಾಕ್ಟರರು ಕನ್‌ಕಶನ್ ಎನ್ನುತ್ತಾರೆ. ನಾವು ಮೆದುಳಿನ ಅದುರು ಎನ್ನೋಣ. ಎಚ್ಚರ ತಪ್ಪಲೇಬೇಕೆಂದಿಲ್ಲ, ಹೆಚ್ಚಿನವರಿಗೆ ತಪ್ಪುವುದೇ ಇಲ್ಲ. ತಲೆಯ ಸ್ಕ್ಯಾನ್ ತೆಗೆದರೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ, ಏಕೆಂದರೆ ಕೆಟ್ಟಿರುವುದು ಮೆದುಳಿನ ಆಕಾರವಲ್ಲ, ಅದರ ಕೆಲಸ.

ಅದುರಿದ ಮೆದುಳು ತನ್ನನ್ನು ತಾನೇ ಸರಿಪಡಿಸಿಕೊಳ್ಳಲು ಹೆಚ್ಚು ಶಕ್ತಿಯನ್ನು ಬೇಡುತ್ತದೆ. ಆದರೆ ಅದೇ ಹೊತ್ತಿಗೆ ಅದಕ್ಕೆ ಒದಗುವ ಶಕ್ತಿ ಕಡಿಮೆಯಾಗಿರುತ್ತದೆ. ಕರೆಂಟು ಕಡಿಮೆಯಿರುವ ದಿನ ಒಂದೇ ಮೋಟಾರಿನಿಂದ ಎರಡು ಹೊಲಕ್ಕೆ ನೀರು ಬಿಟ್ಟಂತೆ ಇದು. ಅದರ ಮೇಲೆ ಗಣಿತ, ವಿಜ್ಞಾನ, ಮೊಬೈಲು, ರಾತ್ರಿ ಜಾಗರಣೆ ಎಲ್ಲವನ್ನೂ ಹೇರಿದರೆ ಮೋಟಾರು ಸುಡುವುದೋ ಇಲ್ಲವೋ, ನೀರಂತೂ ಎರಡು ಹೊಲಕ್ಕೂ ಮುಟ್ಟುವುದಿಲ್ಲ.

ಪಾಠದಲ್ಲಿ ಇದು ಹೇಗೆ ಕಾಣುತ್ತದೆ ಎಂಬುದನ್ನು ತಂದೆತಾಯಿಗಳು ಗಮನವಿಟ್ಟು ತಿಳಿಯಬೇಕು, ಏಕೆಂದರೆ ಹುಡುಗನು ಹೊಡೆತ ತಿನ್ನುವುದು ಇಲ್ಲಿಯೇ. ಅವನು ಹಳೆಯದನ್ನು ಮರೆತಿರುವುದಿಲ್ಲ. ಮಗ್ಗಿ ಕೇಳಿದರೆ ಹೇಳುತ್ತಾನೆ, ಎತ್ತಿನ ಹೆಸರು, ಹೊಲದ ಹೆಸರು ಎಲ್ಲ ಗೊತ್ತು. ಹೊಸದಾಗಿ ಹೇಳಿಕೊಟ್ಟದ್ದು ಮಾತ್ರ ನಿಲ್ಲುವುದಿಲ್ಲ. ಗುರುಗಳು ಹಲಗೆಯ ಮೇಲೆ ಬರೆದದ್ದನ್ನು ಇಳಿಸಿಕೊಳ್ಳುವಷ್ಟರಲ್ಲಿ ಉಳಿದ ಮಕ್ಕಳು ಮುಂದಿನ ಲೆಕ್ಕಕ್ಕೆ ಹೋಗಿರುತ್ತಾರೆ. ಎರಡು ಪುಟ ಓದಿದರೆ ತಲೆ ನೋಯುತ್ತದೆ, ಅಕ್ಷರಗಳು ಕುಣಿದಂತಾಗುತ್ತವೆ. ಬೆಳಕು, ಗದ್ದಲ ಸಹಿಸಲಾಗುವುದಿಲ್ಲ. ತಲೆಯಲ್ಲಿ ಮಂಜು ಕವಿದಂತಿದೆ ಎಂದು ಕೆಲವರು ಹೇಳುತ್ತಾರೆ. ಹಗಲಿನಲ್ಲಿ ತೂಕಡಿಕೆ, ರಾತ್ರಿ ನಿದ್ದೆಯಿಲ್ಲ. ಸಣ್ಣ ಮಾತಿಗೆ ತಂಗಿಯ ಮೇಲೆ ಸಿಡುಕುತ್ತಾನೆ, ಸುಮ್ಮನೆ ಅಳುತ್ತಾನೆ. ಮನೆಯವರು ಸೋಮಾರಿ ಎನ್ನುತ್ತಾರೆ. ಶಾಲೆಯವರು ಆಟದ ಹುಚ್ಚಿನಿಂದ ಓದು ಬಿಟ್ಟ ಎನ್ನುತ್ತಾರೆ. ಗಾಯ ಕಣ್ಣಿಗೆ ಕಾಣದ ಕಾರಣ ಅವನೂ ತನ್ನನ್ನು ತಾನೇ ದಡ್ಡನೆಂದು ನಂಬಿಬಿಡುತ್ತಾನೆ. ಕಾಲು ಮುರಿದ ಹುಡುಗನನ್ನು ಓಡು ಎಂದು ನಾವು ಬೈಯುವುದಿಲ್ಲ ಸರಿಯಷ್ಟೆ?

ಆಟದ ಮಾತೂ ಇದೇ. ಎದುರಾಳಿಯ ಕೈ ಬರುವುದು ಕಂಡರೂ ದೇಹ ತಿರುಗಲು ಒಂದು ಕ್ಷಣ ತಡವಾಗುತ್ತದೆ. ತೂಕ ಹಿಡಿದು ನಿಲ್ಲುವುದು ಕಷ್ಟವಾಗುತ್ತದೆ. ಇಂಥವರು ಆಟಕ್ಕೆ ಮರಳಿದ ಮೇಲೆ ಕೆಲವು ಕಾಲ ಅವರ ಕಾಲು, ಮೊಣಕಾಲುಗಳಿಗೆ ಗಾಯವಾಗುವುದು ಹೆಚ್ಚೆಂದು ಪರೀಕ್ಷೆಗಳಿಂದ ತಿಳಿದಿದೆ. ಆದುದರಿಂದ ಒಳ್ಳೆಯ ಆಟಗಾರನೆಂದು ಅವನನ್ನು ಒಳಗೆ ಇಟ್ಟುಕೊಂಡ ಪಂಗಡಕ್ಕೂ ಲಾಭವಿಲ್ಲ.

ಈ ವಿಷಯವನ್ನು ಹೆಚ್ಚು ಶೋಧಿಸಿರುವುದು ಅಮೆರಿಕಾ ದೇಶದಲ್ಲಿ. ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಅಡ್ಡಗಟ್ಟಿ ಕೆಡಹುವ ಆಟ. ಎಲ್ಲರೂ ಹೆಲ್ಮೆಟ್ಟು ಹಾಕಿರುತ್ತಾರೆ. ಅದರಲ್ಲಿ ಎದುರುಬದುರು ಸಾಲಾಗಿ ನಿಂತು ಪ್ರತಿ ಸರದಿಗೂ ಡಿಕ್ಕಿ ಹೊಡೆಯುವವರಿಗೆ ಲೈನ್‌ಮನ್ ಎಂದು ಹೆಸರು. (ನಮ್ಮಲ್ಲಿ ಲೈನ್‌ಮನ್ ಎಂದರೆ ಕಂಬ ಹತ್ತುವವರು, ಅವರೂ ಬಿದ್ದರೆ ತಲೆಗೇ ಪೆಟ್ಟು.) ಇವನು ಚೆಂಡು ಮುಟ್ಟುವುದು ಅಪರೂಪ, ಹೆಸರು ಬರುವುದೂ ಅಪರೂಪ. ನಮ್ಮ ಕಬಡ್ಡಿಯಲ್ಲಿ ಕೈ ಕೈ ಹಿಡಿದು ಸರಪಳಿ ಕಟ್ಟಿ ದಾಳಿಗಾರನಿಗೆ ಎದೆ ಕೊಡುವವರನ್ನು ನೆನೆದರೆ ಅವನ ಕೆಲಸ ಅರ್ಥವಾಗುತ್ತದೆ. ಅವನಿಗೆ ಒಂದು ದೊಡ್ಡ ಪೆಟ್ಟಿಗಿಂತ ನೂರಾರು ಸಣ್ಣ ಪೆಟ್ಟುಗಳು ಬೀಳುತ್ತವೆ. ಇಂಡಿಯಾನಾ ಪ್ರಾಂತದ ಪರ್ಡ್ಯೂ ವಿಶ್ವವಿದ್ಯಾಲಯದವರು ಹೈಸ್ಕೂಲಿನ ಆಟಗಾರರ ಹೆಲ್ಮೆಟ್ಟಿನಲ್ಲಿ ಪೆಟ್ಟು ಅಳೆಯುವ ಸಾಧನವಿಟ್ಟು, ಅವರ ಮೆದುಳಿನ ಕೆಲಸವನ್ನು ಯಂತ್ರದಿಂದ ನೋಡಿ, 2010ರ ಹೊತ್ತಿಗೆ ಒಂದು ಸಂಗತಿಯನ್ನು ಪ್ರಕಟಿಸಿದರು. ಯಾವ ತೊಂದರೆಯನ್ನೂ ಹೇಳಿಕೊಳ್ಳದ, ಯಾವ ಡಾಕ್ಟರೂ ಕನ್‌ಕಶನ್ ಎಂದು ಗುರುತಿಸದ ಕೆಲವು ಹುಡುಗರಲ್ಲಿಯೂ ನೆನಪಿನ ಕೆಲಸ ಕುಂದಿತ್ತು.

ಲೈನ್‌ಮನ್ ಆಗಿ 1974ರಿಂದ 1990ರವರೆಗೆ ಆಡಿದ ಮೈಕ್ ವೆಬ್‌ಸ್ಟರ್ ಎಂಬ ಪ್ರಖ್ಯಾತನು ನೆನಪೂ ನೆಮ್ಮದಿಯೂ ಕೆಟ್ಟು, 2002ರಲ್ಲಿ 50ನೆಯ ವಯಸ್ಸಿಗೇ ತೀರಿಕೊಂಡ. ನೈಜೀರಿಯಾದಿಂದ ಬಂದ ಡಾಕ್ಟರ್ ಬೆನೆಟ್ ಒಮಾಲು ಎಂಬವರು ಅವನ ಮೆದುಳನ್ನು ಪರೀಕ್ಷಿಸಿ, ಮೇಲಿಂದ ಮೇಲೆ ಬಿದ್ದ ಪೆಟ್ಟಿನ ರೋಗವನ್ನು 2005ರಲ್ಲಿ ವಿವರಿಸಿದರು. ಇದು ಹದಿನಾರು ಹದಿನೇಳು ವರ್ಷ ಅದೇ ವೃತ್ತಿ ಮಾಡಿದವನ ಮಾತು. ಎರಡು ಜಾತ್ರೆಯಲ್ಲಿ ಆಡಿದ ನಿಮ್ಮ ಮಗನಿಗೆ ಅಂಜಿಕೆ ಹಾಕಲು ಹೇಳುತ್ತಿಲ್ಲ. ಕಬಡ್ಡಿ ಬಿಡಿಸಿರೆಂದೂ ನಾವು ಹೇಳುವುದಿಲ್ಲ. ಮೈಗೂ ಮನಸ್ಸಿಗೂ ಒಳ್ಳೆಯ ಆಟವದು.

ನಮ್ಮ ನಾಡಿನ ಉದಾಹರಣೆಯನ್ನೇ ನೋಡಿರಿ. 2021ರ ಆಗಸ್ಟಿನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಟೆಸ್ಟ್ ಕ್ರಿಕೆಟ್ ಪಂದ್ಯಕ್ಕೆ ಎರಡು ದಿನ ಮೊದಲು ಅಭ್ಯಾಸ ಮಾಡುವಾಗ ಬೆಂಗಳೂರಿನ ಮಯಾಂಕ್ ಅಗರ್ವಾಲರ ಹೆಲ್ಮೆಟ್ಟಿಗೆ ಚೆಂಡು ಬಡಿಯಿತು. ಕನ್‌ಕಶನ್ ಎಂದು ಡಾಕ್ಟರರು ಹೇಳಿದ ಕೂಡಲೇ ಅವರನ್ನು ಪಂದ್ಯದಿಂದ ಹೊರಗಿಟ್ಟರು. ಅವರ ಸ್ಥಾನದಲ್ಲಿ ಇನ್ನೊಬ್ಬ ಕನ್ನಡಿಗರಾದ ಕೆ. ಎಲ್. ರಾಹುಲ್ ಇಳಿದು 84 ರನ್ ಹೊಡೆದರು. ಅಗರ್ವಾಲರು ಅದೇ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ 150 ಹೊಡೆದರು. ದೇಶದ ಪಂಗಡವೇ ಒಬ್ಬನನ್ನು ಕೂಡಿಸಬಲ್ಲದಾದರೆ, ಡಾಲಿನ ಆಸೆಗೆ ನಾವು ಹುಡುಗನನ್ನು ಮತ್ತೆ ಇಳಿಸುವುದೇಕೆ? 2002ರಲ್ಲಿ ಅನಿಲ್ ಕುಂಬ್ಳೆಯವರು ಒಡೆದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಿದ್ದನ್ನು ಹಿರಿಯರು ಇಂದಿಗೂ ಹೊಗಳುತ್ತಾರೆ. ಹೊಗಳಲಿ. ಆದರೆ ಅದು ದವಡೆಯ ಎಲುಬಿನ ಮಾತು. ಅದನ್ನು ಮೆದುಳಿಗೆ ನೀತಿ ಮಾಡಿಕೊಳ್ಳಬಾರದು.

ಇನ್ನು ಅಂಗಳದಲ್ಲಿ ಮಾಡತಕ್ಕದ್ದು. ತಲೆಗೆ ಪೆಟ್ಟು ಬಿದ್ದು ಹುಡುಗ ತಬ್ಬಿಬ್ಬಾದರೆ ಅಂದು ಅವನ ಆಟ ಮುಗಿಯಿತು. ಅನುಮಾನವಿದ್ದರೂ ಮುಗಿಯಿತು. ಮೆಲ್ಲಗೆ ಕೇಳಿರಿ: ಇದು ಯಾವ ಊರ ಅಂಗಳ? ಈಗ ಮೊದಲರ್ಧವೋ ಎರಡನೆಯದೋ? ಕೊನೆಯ ಅಂಕ ಯಾರಿಗೆ ಬಂತು? ಹಿಂದಿನ ಪಂದ್ಯ ಗೆದ್ದೆವೋ ಸೋತೆವೋ? ತಪ್ಪು ಹೇಳಿದರೆ ಸಂಶಯ ಬೇಡ. ಸರಿ ಹೇಳಿದರೂ ಮರಳಿ ಇಳಿಸಬೇಡಿರಿ. ಕುತ್ತಿಗೆ ನೋಯುತ್ತದೆ ಅಥವಾ ಕೈಕಾಲು ಜೋಮು ಹಿಡಿದಿದೆ ಎಂದರೆ ಕಂಕುಳಿಗೆ ಕೈ ಹಾಕಿ ಎಬ್ಬಿಸದೆ, ಮಲಗಿದಲ್ಲಿಯೇ ಅಲುಗಾಡದಂತೆ ಹಿಡಿದು 108ಕ್ಕೆ ಫೋನು ಮಾಡಿರಿ.

ಮೊದಲ ಎರಡು ದಿನ ಅವನನ್ನು ಒಬ್ಬನೇ ಬಿಡಬಾರದು. 1998ರಲ್ಲಿ ಢಾಕಾದಲ್ಲಿ ಹೆಲ್ಮೆಟ್ಟಿಲ್ಲದೆ ಹತ್ತಿರ ನಿಂತಿದ್ದ ಕ್ರಿಕೆಟಿಗ ರಮಣ್ ಲಾಂಬಾರ ತಲೆಗೆ ಚೆಂಡು ಬಡಿದಾಗ ಅವರು ತಾವೇ ನಡೆದು ಹೊರಗೆ ಹೋಗಿದ್ದರು. ಮೂರು ದಿನದಲ್ಲಿ ತೀರಿಕೊಂಡರು. ತಲೆಯೊಳಗೆ ರಕ್ತ ಸೋರಿದರೆ ಹೀಗೆ ಮೊದಲು ಚೆನ್ನಾಗಿದ್ದು ಆಮೇಲೆ ಕೆಡುವುದುಂಟು. ತಲೆನೋವು ಏರುತ್ತಾ ಹೋಗುವುದು, ಮತ್ತೆ ಮತ್ತೆ ವಾಂತಿ, ಫಿಟ್ಸು, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಮಾತು ತೊದಲುವುದು, ಒಂದು ಕಡೆ ಬಲ ಕುಂದುವುದು, ಕಿವಿ ಮೂಗಿನಿಂದ ನೀರಿನಂಥದು ಅಥವಾ ರಕ್ತ ಬರುವುದು ಇವುಗಳಲ್ಲಿ ಯಾವೊಂದು ಕಂಡರೂ ರಾತ್ರಿಯೆನ್ನದೆ ಹೊರಡಿರಿ. ಇವು ಯಾವುವೂ ಇಲ್ಲದಿದ್ದರೂ ಮರುದಿನವಾದರೂ ತಾಲ್ಲೂಕು ಆಸ್ಪತ್ರೆಯ ಡಾಕ್ಟರರಿಗೆ ತೋರಿಸಿರಿ. ಬಿದ್ದವನನ್ನು ಇಡೀ ರಾತ್ರಿ ಮಲಗಗೊಡಬಾರದೆಂಬ ನಂಬಿಕೆ ನಮ್ಮಲ್ಲಿದೆ. ಅಪಾಯದ ಗುರುತುಗಳಿಲ್ಲದಿದ್ದರೆ ನಿದ್ದೆ ಒಳ್ಳೆಯದೇ. ಹತ್ತಿರ ಒಬ್ಬರಿದ್ದರೆ ಸಾಕು. ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿಸಬೇಡಿರಿ. ಕೆಲವು ಗುಳಿಗೆಗಳು ರಕ್ತ ಸೋರುವುದನ್ನು ಹೆಚ್ಚಿಸುತ್ತವೆ. ಹರೆಯದವರಾದರೆ ಸೆರೆ ಸಿಂದಿ ಸಲ್ಲದು.

ಒಂದೆರಡು ದಿನ ವಿಶ್ರಾಂತಿ ಬೇಕು, ಆದರೆ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದೂ ತಪ್ಪೇ. ಮನೆಯ ಸುತ್ತ ನಡೆದಾಡಲಿ, ಮೊಬೈಲು ದೂರವಿರಲಿ. ಆಮೇಲೆ ಹತ್ತು ಹದಿನೈದು ನಿಮಿಷ ಓದಲಿ. ತಲೆನೋವು ಜೋರಾದರೆ ಪುಸ್ತಕ ಮುಚ್ಚಲಿ. ಅದು ತಡೆದರೆ ಅರ್ಧ ದಿನ ಶಾಲೆ, ಬಳಿಕ ಪೂರ್ತಿ ದಿನ. ಬಹುಮಂದಿಗೆ ಹತ್ತು ದಿನದೊಳಗೆ ಓದು ಹಿಡಿತಕ್ಕೆ ಬರುತ್ತದೆ. ಆಟಕ್ಕೆ ಪೂರ್ತಿ ಮರಳಲು ಸರಾಸರಿ ಮೂರು ವಾರ ಬೇಕು. ಕೆಲವರಿಗೆ ತಿಂಗಳೂ ಮೀರುತ್ತದೆ. ಓದು ಮೊದಲು, ಆಟ ಆಮೇಲೆ ಎಂಬ ಕ್ರಮ ಬದಲಾಗಬಾರದು. ಓಟ, ಕಸರತ್ತು, ಮೈ ತಾಗದ ಅಭ್ಯಾಸ, ಡಾಕ್ಟರರ ಒಪ್ಪಿಗೆ, ಕೊನೆಗೆ ಹಿಡಿತದ ಆಟ. ಒಂದೊಂದು ಹಂತಕ್ಕೆ ಕಡಿಮೆಯೆಂದರೆ ಒಂದು ದಿನ. ಮೊದಲನೆಯದು ವಾಸಿಯಾಗುವ ಮುಂಚೆ ಎರಡನೆಯ ಪೆಟ್ಟು ಬಿದ್ದರೆ ಎಳೆಯರಲ್ಲಿ ಮೆದುಳು ಬಾತು ಪ್ರಾಣಕ್ಕೆ ಬಂದದ್ದುಂಟು. ಇದು ಅಪರೂಪ, ಆದರೆ ತಪ್ಪಿಸಬಹುದಾದದ್ದು.

ಆಡುವವರಿಗಷ್ಟೇ ಈ ಮಾತೆಂದು ತಿಳಿಯಬೇಡಿರಿ. ಮಾಳಿಗೆಯಿಂದ, ಟ್ರ್ಯಾಕ್ಟರಿನಿಂದ, ಹುಣಸೆ ಮರದಿಂದ ಬಿದ್ದವರಿಗೂ, ಶಹಾಬಾದ ಕಲ್ಲು ಹಾಸಿದ ಅಂಗಳದಲ್ಲಿ ಜಾರಿದ ಮಗುವಿಗೂ, ವಾಡಿ ರಸ್ತೆಯಲ್ಲಿ ಬೈಕಿನಿಂದ ಉರುಳಿದವರಿಗೂ ಇದೇ ಲೆಕ್ಕ. ಹೆಲ್ಮೆಟ್ಟು ಬುರುಡೆಯನ್ನು ಉಳಿಸುತ್ತದೆ, ಅದುರನ್ನು ಪೂರ್ತಿ ತಡೆಯಲಾರದು. ಹಾಗೆಂದು ಬೈಕಿನ ಮೇಲೆ ಬರಿದಲೆಯಲ್ಲಿ ಹೋಗುವುದು ಮೂರ್ಖತನ.

ಹುಡುಗನನ್ನು ಶಾಲೆಗೆ ಮರಳಿ ಕಳಿಸುವ ದಿನ ಗುರುಗಳಿಗೆ ಒಂದು ಚೀಟಿ ಬರೆದು ಕೊಡಿರಿ. ಬರೆಯಲು ಬಾರದಿದ್ದರೆ ಆಶಾ ಕಾರ್ಯಕರ್ತೆಯರಿಂದ ಬರೆಸಿರಿ. ಪೆಟ್ಟು ಬಿದ್ದ ದಿನಾಂಕ, ಡಾಕ್ಟರರು ಹೇಳಿದ್ದು, ಎಷ್ಟು ಹೊತ್ತು ಓದಿದರೆ ತಲೆ ನೋಯುತ್ತದೆ ಎಂಬುದು ಅದರಲ್ಲಿರಲಿ. ಕಿಟಕಿಯ ಬಿಸಿಲಿನಿಂದ ದೂರ ಕೂಡಿಸಬೇಕು, ನಡುವೆ ಹತ್ತು ನಿಮಿಷ ತಲೆಯಿಟ್ಟು ಮಲಗಲು ಬಿಡಬೇಕು, ಕಿರುಪರೀಕ್ಷೆಯನ್ನು ಒಂದು ವಾರ ಮುಂದೆ ಹಾಕಬೇಕು, ಡಾಕ್ಟರರು ಒಪ್ಪುವವರೆಗೆ ಆಟದ ಪೀರಿಯಡ್ಡಿಗೆ ಕಳಿಸಬಾರದು ಎಂದು ಕೇಳಿಕೊಳ್ಳಿರಿ. ಕಬಡ್ಡಿ ಪಂಗಡದ ನಾಯಕನಿಗೂ ಅದರದೊಂದು ಪ್ರತಿ ಕೊಡಿರಿ.