ನೋವು ಹೋಯಿತೆಂದು ಬೆನ್ನನ್ನು ಮರೆಯದಿರಿ

ತುಂಬಿದ ಕೊಡ ಎತ್ತಲು ಬಗ್ಗಿದಾಗ ಸೊಂಟ ಹಿಡಿದುಕೊಳ್ಳುವುದು ಅನೇಕ ಮನೆಗಳ ಅನುಭವ. ನಾಲ್ಕು ದಿನ ಮುಲಾಮು, ಬಿಸಿನೀರಿನ ಶಾಖ. ನೋವು ಇಳಿದರೆ ಎಲ್ಲರೂ ಮರೆತುಬಿಡುತ್ತಾರೆ. ಆದರೆ ಒಳಗಿನ ಸ್ನಾಯು ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ.

ಅದರ ಹೆಸರು ಮಲ್ಟಿಫಿಡಸ್. ಹೊರಗಿನ ದೊಡ್ಡ ಸ್ನಾಯುಗಳ ಅಡಿಯಲ್ಲಿ, ಬೆನ್ನುಮೂಳೆಯ ಎರಡೂ ಬದಿಗೆ ಅಂಟಿಕೊಂಡು, ಸೊಂಟದ ಕೆಳಗಿನ ತ್ರಿಕಾಸ್ಥಿಯಿಂದ ಕುತ್ತಿಗೆಯ ಎರಡನೇ ಕಶೇರುವಿನವರೆಗೆ ಹಬ್ಬಿದೆ. ಇದು ಒಂದೇ ಉದ್ದನೆಯ ಹಗ್ಗವಲ್ಲ. ಗಿಡ್ಡ ಎಳೆಗಳು ಓರೆಯಾಗಿ ಮೇಲೇರಿ, ಎರಡರಿಂದ ನಾಲ್ಕು ಕಶೇರುಗಳಾಚೆಯ ಮುಳ್ಳಿನಂಥ ಚಾಚನ್ನು ಹಿಡಿಯುತ್ತವೆ. ಬಗ್ಗುವಾಗ, ತಿರುಗುವಾಗ ಕಶೇರುಗಳು ಅಂಕೆ ಮೀರಿ ಅಲುಗದಂತೆ ಕಾಯುವುದು ಇದರ ಕೆಲಸ. ಹೆಚ್ಚು ಭಾರ ಬೀಳುವ ಸೊಂಟದಲ್ಲೇ ಇದು ಹೆಚ್ಚು ದಪ್ಪ.

ಆಸ್ಟ್ರೇಲಿಯಾದ ಜೂಲಿ ಹೈಡ್ಸ್ ಮತ್ತು ಸಂಗಡಿಗರು ಮೊದಲ ಬಾರಿ ಸೊಂಟನೋವು ಬಂದ 39 ಮಂದಿಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು ಮಾಯವಾದರೂ ಸೊರಗಿದ ಮಲ್ಟಿಫಿಡಸ್ ತಾನಾಗಿ ಮೊದಲಿನಂತಾಗಿರಲಿಲ್ಲ. ನಿರ್ದಿಷ್ಟ ವ್ಯಾಯಾಮ ಮಾಡಿದವರಲ್ಲಿ ಅದು ಚೆನ್ನಾಗಿ ಚೇತರಿಸಿತ್ತು.

ಹಾಗಾಗಿ ನೋವು ತಗ್ಗಿದ ಮೇಲೆ ಫಿಸಿಯೊಥೆರಪಿಸ್ಟರನ್ನು ಕೇಳಿ ವ್ಯಾಯಾಮ ಆರಂಭಿಸಿ. ಚಾಪೆಯ ಮೇಲೆ ಅಂಗೈ, ಮಂಡಿ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ನಿಧಾನವಾಗಿ ಚಾಚಿ, ಸೊಂಟ ವಾಲದಂತೆ ಕೆಲವು ಕ್ಷಣ ನಿಲ್ಲಿ. ಆಮೇಲೆ ಬದಿ ಬದಲಿಸಿ.

ಕಾಲು ಶಕ್ತಿಗುಂದಿದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮ ಬೇಡ. ತಡಮಾಡದೆ ಆಸ್ಪತ್ರೆಗೆ ಹೋಗಿ.