ಎಲ್ಲರೂ ಕೂಡುವ ಮನೆ: ವಿಜ್ಞಾನಿ ಅಬ್ದುಸ್ ಸಲಾಂ



ಒಂದು ಮಾತು ಕೇಳ್ತೀವಿ, ಹೇಳಿ. ನೀವು ಕಲಿಕಾ ಕೇಂದ್ರಕ್ಕೆ ಯಾಕೆ ಬರುತ್ತೀರಿ? ಪುಸ್ತಕ ಮನೆಯಲ್ಲೂ ಇದೆ. ದೀಪ ಮನೆಯಲ್ಲೂ ಇದೆ. ಆದರೂ ನಾಲ್ಕು ಜನ ಕೂಡಿ ಕುಳಿತಾಗ ಪಾಠ ಬೇಗ ತಲೆಗೆ ಹತ್ತುತ್ತದೆ. ನಿಮಗೆ ತಿಳಿಯದ್ದನ್ನು ಪಕ್ಕದವರು ಹೇಳುತ್ತಾರೆ. ಅವರಿಗೆ ತಿಳಿಯದ್ದನ್ನು ನೀವು ಹೇಳುತ್ತೀರಿ. ಒಬ್ಬರೇ ಕುಳಿತರೆ ಎರಡೇ ದಿನಕ್ಕೆ ಬೇಸರ ಬರುತ್ತದೆ. ಹೌದು ತಾನೆ?

ದೊಡ್ಡ ವಿಜ್ಞಾನಿಗಳಿಗೂ ಇದೇ ಕಷ್ಟ ಇದೆ ಅಂದರೆ ನಂಬುತ್ತೀರಾ? ಈ ಕಷ್ಟವನ್ನು ತಾವೇ ಉಂಡ ಒಬ್ಬ ವಿಜ್ಞಾನಿ ಇದ್ದರು. ತಮ್ಮ ಹಾಗೆ ಬೇರೆಯವರು ಕಷ್ಟಪಡಬಾರದು ಎಂದು ಅವರು ಒಂದು ದೊಡ್ಡ ಕೇಂದ್ರವನ್ನೇ ಕಟ್ಟಿದರು. ಅವರ ಹೆಸರು ಅಬ್ದುಸ್ ಸಲಾಂ. ಅವರ ಕಥೆ ಓದೋಣ ಬನ್ನಿ.

ಝಂಗ್ ಊರಿನ ಹುಡುಗ

ಸಲಾಂ ಹುಟ್ಟಿದ್ದು 1926ರ ಜನವರಿ 29ರಂದು. ಬೆಳೆದದ್ದು ಝಂಗ್ ಎಂಬ ಸಣ್ಣ ಊರಿನಲ್ಲಿ. ಆಗ ಅದು ಬ್ರಿಟಿಷರ ಆಳ್ವಿಕೆಯ ಪಂಜಾಬಿನಲ್ಲಿತ್ತು. ಈಗ ಪಾಕಿಸ್ತಾನದಲ್ಲಿದೆ. ತಂದೆ ಶಿಕ್ಷಣ ಇಲಾಖೆಯಲ್ಲಿ ನೌಕರರು. ಮನೆಯಲ್ಲಿ ಸಿರಿತನ ಇರಲಿಲ್ಲ. ಓದಿಗೆ ಮಾತ್ರ ಬೆಲೆ ಇತ್ತು.

ಹದಿನಾಲ್ಕನೇ ವಯಸ್ಸಿಗೆ ಸಲಾಂ ಮೆಟ್ರಿಕ್ ಪರೀಕ್ಷೆ ಬರೆದರು. ಇಡೀ ಪಂಜಾಬಿಗೇ ಮೊದಲಿಗರಾದರು. ಹುಡುಗ ಸೈಕಲ್ ತುಳಿದು ಊರಿಗೆ ಬಂದಾಗ ಜನ ಬೀದಿಯಲ್ಲಿ ನಿಂತು ಸ್ವಾಗತ ಮಾಡಿದರಂತೆ.

ಆಮೇಲೆ ಲಾಹೋರಿನ ಕಾಲೇಜಿನಲ್ಲಿ ಓದಿದರು. ಆಗ ಎರಡನೇ ಮಹಾಯುದ್ಧ ಮುಗಿದಿತ್ತು. ಯುದ್ಧಕ್ಕೆಂದು ಪಂಜಾಬಿನಲ್ಲಿ ಕೂಡಿಸಿದ್ದ ಹಣ ಉಳಿದಿತ್ತು. ಅದರಿಂದ ಸಣ್ಣ ರೈತರ ಮಕ್ಕಳಿಗೆ ಹೊರದೇಶದಲ್ಲಿ ಓದಲು ವಿದ್ಯಾರ್ಥಿವೇತನ ಕೊಟ್ಟರು. ಅದು ಸಲಾಂಗೂ ಸಿಕ್ಕಿತು. 1946ರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಮರುವರ್ಷ ದೇಶ ಎರಡಾಯಿತು. ಆ ವಿದ್ಯಾರ್ಥಿವೇತನವೂ ನಿಂತುಹೋಯಿತು. ಒಂದು ವರ್ಷ ತಡವಾಗಿದ್ದರೆ ಸಲಾಂ ಹೋಗುವ ಹಾಗೇ ಇರಲಿಲ್ಲ!

ಊರೋ, ವಿದ್ಯೆಯೋ?

ಸಲಾಂ ಕಲಿತದ್ದು ಭೌತವಿಜ್ಞಾನ. ವಸ್ತು ಯಾವುದರಿಂದ ಆಗಿದೆ, ಅದನ್ನು ಯಾವ ಬಲ ಹಿಡಿದಿಟ್ಟಿದೆ ಎಂದು ತಿಳಿಸುವ ವಿದ್ಯೆ ಅದು. ಈ ಕೆಲಸಕ್ಕೆ ಅವರಿಗೆ ದೊಡ್ಡ ಯಂತ್ರ ಬೇಡ. ಕಾಗದ, ಪೆನ್ಸಿಲ್ಲು, ಕಪ್ಪು ಹಲಗೆ ಸಾಕು. ಆದರೆ ಇನ್ನೊಂದು ಬೇಕೇ ಬೇಕು. ಅದೇನು? ಮಾತಾಡಲು ಜೊತೆಗಾರರು.

1951ರಲ್ಲಿ ಸಲಾಂ ಊರಿನ ಪ್ರೀತಿಯಿಂದ ಲಾಹೋರಿಗೆ ಮರಳಿದರು. ತಾವು ಓದಿದ್ದ ಕಾಲೇಜಿನಲ್ಲೇ ಗಣಿತದ ಪ್ರಾಧ್ಯಾಪಕರಾದರು. ಅಲ್ಲಿ ಅವರ ವಿಷಯ ಬಲ್ಲವರು ಇನ್ನೊಬ್ಬರು ಇರಲಿಲ್ಲ. ಹೊಸ ಪತ್ರಿಕೆಗಳೂ ಸಿಗುತ್ತಿರಲಿಲ್ಲ. ಕಾಲೇಜಿನ ಮುಖ್ಯಸ್ಥರು ಸಂಶೋಧನೆ ಮರೆತುಬಿಡಿ ಎಂದರು. ಬದಲಿಗೆ ಮೂರು ಕೆಲಸ ಮುಂದಿಟ್ಟರು. ಹಾಸ್ಟೆಲ್ ನೋಡಿಕೊಳ್ಳುವುದು, ಇಲ್ಲವೇ ಲೆಕ್ಕಪತ್ರ ನೋಡುವುದು, ಇಲ್ಲವೇ ಫುಟ್‌ಬಾಲ್ ತಂಡ ನೋಡಿಕೊಳ್ಳುವುದು. ಸಲಾಂ ಫುಟ್‌ಬಾಲ್ ಆರಿಸಿಕೊಂಡರು!

ಆ ದಿನಗಳಲ್ಲಿ ಒಮ್ಮೆ ವುಲ್ಫ್‌ಗಾಂಗ್ ಪೌಲಿ ಎಂಬ ಹೆಸರಾಂತ ವಿಜ್ಞಾನಿ ಬೊಂಬಾಯಿಗೆ ಬಂದಿದ್ದರು. ಬಂದು ಭೇಟಿಯಾಗು ಎಂದು ಸಲಾಂಗೆ ತಂತಿ ಕಳಿಸಿದರು. ಬಾಯಾರಿದವನಿಗೆ ನೀರು ಕಂಡ ಹಾಗಾಯಿತು. ಸಲಾಂ ಬೊಂಬಾಯಿಗೆ ಓಡಿದರು. ತಿರುಗಿ ಬಂದಾಗ, ಅಪ್ಪಣೆ ಇಲ್ಲದೆ ಯಾಕೆ ಹೋದಿರಿ ಎಂದು ಕಾಲೇಜು ಕಾರಣ ಕೇಳಿತು.

1953ರಲ್ಲಿ ಲಾಹೋರಿನಲ್ಲಿ ಗಲಭೆಗಳಾದವು. ಸಲಾಂ ಅವರು ಅಹ್ಮದೀಯ ಪಂಥದವರು. ಗಲಭೆ ನಡೆದದ್ದು ಆ ಪಂಥದವರ ವಿರುದ್ಧ. 1954ರಲ್ಲಿ ಸಲಾಂ ಮತ್ತೆ ಕೇಂಬ್ರಿಜ್‌ಗೆ ಹೊರಟರು. ಊರಲ್ಲಿ ಉಳಿದರೆ ವಿದ್ಯೆ ಹೋಗುತ್ತದೆ. ವಿದ್ಯೆ ಬೇಕಾದರೆ ಊರು ಬಿಡಬೇಕು. ಇದು ಅವರ ಸಂಕಟ.

ನಮ್ಮ ಕಡೆಯ ಮಕ್ಕಳು ಓದಿಗೆ, ಕೆಲಸಕ್ಕೆ ಊರು ಬಿಡುವುದನ್ನು ನೀವೂ ಕಂಡಿದ್ದೀರಿ. ಬಿಟ್ಟು ಹೋಗುವವರ ನೋವು, ಉಳಿದವರ ನೋವು, ಎರಡೂ ನಿಮಗೆ ಗೊತ್ತು.

ಎತ್ತಿನ ಗಾಡಿ ಸಾಕೇ?

1955ರಲ್ಲಿ ಜಿನೀವಾ ನಗರದಲ್ಲಿ ಒಂದು ದೊಡ್ಡ ಸಮ್ಮೇಳನ ನಡೆಯಿತು. ಅಣುಶಕ್ತಿಯನ್ನು ಶಾಂತಿಗೆ ಹೇಗೆ ಬಳಸಬೇಕು ಎಂಬುದು ವಿಷಯ. ವಿಶ್ವಸಂಸ್ಥೆ ಅದನ್ನು ನಡೆಸಿತು. ಅಧ್ಯಕ್ಷರು ಯಾರು ಗೊತ್ತೇ? ನಮ್ಮ ದೇಶದ ಹೋಮಿ ಭಾಭಾ. ಸಲಾಂ ಅಲ್ಲಿ ವೈಜ್ಞಾನಿಕ ಕಾರ್ಯದರ್ಶಿಗಳಲ್ಲಿ ಒಬ್ಬರು. ಬೇರೆ ಬೇರೆ ದೇಶದವರು ಒಂದೆಡೆ ಕೂತು ಮಾತಾಡಿದರೆ ಎಷ್ಟು ಕೆಲಸ ಆಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡರು.

1957ರಲ್ಲಿ ಸಲಾಂ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ತಮ್ಮ ಕಷ್ಟ ತೀರಿತು ಎಂದು ಸುಮ್ಮನೆ ಕೂರಲಿಲ್ಲ. 1960ರಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆ ಸೇರಿತ್ತು. ಪಾಕಿಸ್ತಾನದ ಪರವಾಗಿ ಸಲಾಂ ಎದ್ದು ನಿಂತರು. ಬಡ ದೇಶಗಳ ವಿಜ್ಞಾನಿಗಳಿಗಾಗಿ ಒಂದು ಅಂತರರಾಷ್ಟ್ರೀಯ ಕೇಂದ್ರ ಬೇಕು ಎಂದರು.

ಶ್ರೀಮಂತ ದೇಶದ ಹಲವರಿಗೆ ಇದು ಹಿಡಿಸಲಿಲ್ಲ. ಒಬ್ಬ ಪ್ರತಿನಿಧಿ ಹೀಗೆ ಹೇಳಿದರು ಎಂದು ಸಲಾಂ ಮುಂದೆ ನೆನೆಯುತ್ತಿದ್ದರು: ಈ ವಿದ್ಯೆ ರೋಲ್ಸ್ ರಾಯ್ಸ್ ಕಾರಿನ ಹಾಗೆ, ಬಡ ದೇಶಗಳಿಗೆ ಎತ್ತಿನ ಗಾಡಿಯೇ ಸಾಕು!

ಈ ಮಾತು ಕೇಳಿದರೆ ನಿಮಗೂ ಏನೋ ನೆನಪಾಗಬಹುದು. "ಈ ವಯಸ್ಸಿನಲ್ಲಿ ಓದು ಯಾಕೆ?" ಎಂದು ಯಾರಾದರೂ ನಿಮ್ಮನ್ನು ನಕ್ಕಿರಬಹುದು. ಎತ್ತಿನ ಗಾಡಿ ಕೀಳಲ್ಲ. ಅದರಿಂದ ಎಷ್ಟೋ ಸಂಸಾರ ನಡೆದಿವೆ. ಆದರೆ ನಿನಗೆ ಇಷ್ಟೇ ಸಾಕು ಎಂದು ಬೇರೆಯವರು ತೀರ್ಮಾನಿಸುವುದು ತಪ್ಪು.

ಸಲಾಂ ಎದೆಗುಂದಲಿಲ್ಲ. ನಾಲ್ಕು ವರ್ಷ ದೇಶದಿಂದ ದೇಶಕ್ಕೆ ತಿರುಗಿದರು. ಬಡ ದೇಶಗಳ ಪ್ರತಿನಿಧಿಗಳು ಅವರ ಬೆನ್ನಿಗೆ ನಿಂತರು.

ಗಡಿಯ ಊರಿನಲ್ಲಿ ಕೇಂದ್ರ

ಕೇಂದ್ರ ಎಲ್ಲಿ ಆಗಬೇಕು? ಇಟಲಿ ದೇಶ ಮುಂದೆ ಬಂತು. ಟ್ರಿಯೆಸ್ಟ್ ಎಂಬ ಊರಿನಲ್ಲಿ ಜಾಗ ಕೊಡುತ್ತೇವೆ, ಹಣವನ್ನೂ ಕೊಡುತ್ತೇವೆ ಎಂದಿತು. ಆ ಊರಿನ ಪಾವೊಲೊ ಬುದಿನಿಚ್ ಎಂಬ ವಿಜ್ಞಾನಿ ಇದಕ್ಕಾಗಿ ತುಂಬಾ ಓಡಾಡಿದರು.

ಟ್ರಿಯೆಸ್ಟ್ ಸಮುದ್ರದ ದಂಡೆಯ ಊರು. ನಮ್ಮ ಊರುಗಳ ಹಾಗೆ ಅದೂ ಗಡಿಯ ಊರು. ಆಗ ಗಡಿಯ ಆಚೆ ಯುಗೊಸ್ಲಾವಿಯ ದೇಶ. ಈಗ ಅಲ್ಲಿ ಸ್ಲೊವೇನಿಯ ದೇಶ ಇದೆ. ಊರಲ್ಲಿ ಇಟಾಲಿಯನ್ ಮಾತು ಹೆಚ್ಚು. ಸ್ಲೊವೇನಿಯನ್ ಮಾತಾಡುವವರೂ ಇದ್ದಾರೆ. ಮಹಾಯುದ್ಧದ ಮೇಲೆ ಈ ಊರು ಯಾರಿಗೆ ಸೇರಬೇಕು ಎಂದು ಎರಡು ದೇಶಗಳ ನಡುವೆ ಜಗಳ ನಡೆದಿತ್ತು. ಜಗಳ ಕಂಡ ಊರೇ ಎಲ್ಲರೂ ಕೂಡುವ ಊರಾಯಿತು.

1964ರ ಅಕ್ಟೋಬರಿನಲ್ಲಿ ಕೇಂದ್ರ ಶುರುವಾಯಿತು. ಸಲಾಂ ಅವರೇ ನಿರ್ದೇಶಕರು. ಮೊದಲು ಊರಿನೊಳಗಿನ ಒಂದು ಕಟ್ಟಡ. 1968ರಲ್ಲಿ ಸಮುದ್ರದ ಹತ್ತಿರ ಸ್ವಂತ ಕಟ್ಟಡ ಆಯಿತು.

ಆ ಕಾಲದಲ್ಲಿ ಅಮೆರಿಕ ಮತ್ತು ಸೋವಿಯತ್ ದೇಶದ ನಡುವೆ ಹಗೆ ಇತ್ತು. ಆದರೂ 1965-66ರಲ್ಲಿ ಎರಡೂ ಕಡೆಯ ವಿಜ್ಞಾನಿಗಳು ಟ್ರಿಯೆಸ್ಟ್‌ನಲ್ಲಿ ಒಂದೇ ಹಲಗೆಯ ಮುಂದೆ ನಿಂತು ಕೆಲಸ ಮಾಡಿದರು.

ಊರು ಬಿಡದೆ ಕಲಿಯುವ ದಾರಿ

ಸಲಾಂ ಒಂದು ಒಳ್ಳೆಯ ಏರ್ಪಾಡು ಮಾಡಿದರು. ಬಡ ದೇಶದ ವಿಜ್ಞಾನಿ ತನ್ನ ಊರಲ್ಲೇ ಪಾಠ ಹೇಳುತ್ತಿರಬೇಕು. ಕೆಲವು ವರ್ಷಗಳಲ್ಲಿ ಮೂರು ಸಲ ಟ್ರಿಯೆಸ್ಟ್‌ಗೆ ಬರಬಹುದು. ಬಂದಾಗ ಕೆಲವು ವಾರ ಅಥವಾ ತಿಂಗಳು ಇರಬಹುದು. ಬಂದು ಹೋಗುವ ಖರ್ಚು, ಇರುವ ಖರ್ಚು ಕೇಂದ್ರದ್ದು. ಗ್ರಂಥಾಲಯದಲ್ಲಿ ಓದಬಹುದು. ಉಪನ್ಯಾಸ ಕೇಳಬಹುದು. ಚಹಾ ಕುಡಿಯುತ್ತಾ ದೊಡ್ಡ ವಿಜ್ಞಾನಿಗಳನ್ನೂ ಪ್ರಶ್ನೆ ಕೇಳಬಹುದು. ಆಮೇಲೆ ಹೊಸ ವಿಚಾರ ಹೊತ್ತು ಊರಿಗೆ ಮರಳಬೇಕು.

ಬಾವಿಯಲ್ಲಿ ಕೊಡ ತುಂಬಿಕೊಂಡು ಮನೆಗೆ ಬರುತ್ತೇವಲ್ಲ, ಹಾಗೆ. ನೀರಿಗಾಗಿ ಮನೆಯನ್ನೇ ಬಿಟ್ಟು ಬಾವಿಯ ಹತ್ತಿರ ಹೋಗಿ ಇರಬೇಕಾಗಿಲ್ಲ. ಸಲಾಂಗೆ ಸಿಗದೇ ಹೋದ ದಾರಿ ಇದು. ಅದನ್ನು ಅವರು ಬೇರೆಯವರಿಗೆ ಮಾಡಿಕೊಟ್ಟರು.

ತಮ್ಮ ದೇಶವನ್ನೂ ಅವರು ಮರೆಯಲಿಲ್ಲ. 1976ರಲ್ಲಿ ಪಾಕಿಸ್ತಾನದ ನಥಿಯಾಗಲಿ ಎಂಬ ಬೆಟ್ಟದ ಊರಿನಲ್ಲಿ ಬೇಸಿಗೆ ಸಮ್ಮೇಳನ ಶುರುಮಾಡಿಸಿದರು.

ಗೌರವ ಮತ್ತು ನೋವು

ಇಷ್ಟೆಲ್ಲಾ ಓಡಾಟದ ನಡುವೆ ಸಲಾಂ ತಮ್ಮ ವಿಜ್ಞಾನವನ್ನು ಬಿಟ್ಟಿರಲಿಲ್ಲ. ಮನೆಯ ದೀಪ ಉರಿಸುವ ವಿದ್ಯುತ್ತಿನ ಬಲ ನಮಗೆ ಗೊತ್ತು. ಅಣುವಿನ ಒಳಗೆ 'ದುರ್ಬಲ ಬಲ' ಎಂಬುದೊಂದಿದೆ. ಸೂರ್ಯ ಉರಿಯುವುದಕ್ಕೆ ಅದೂ ಬೇಕು. ಇವೆರಡೂ ಬೇರೆ ಬೇರೆಯಾಗಿ ಕಂಡರೂ ಬೇರು ಒಂದೇ ಎಂದು ಸಲಾಂ ಲೆಕ್ಕದಿಂದ ತೋರಿಸಿದರು. ಗ್ಲಾಶೊ ಮತ್ತು ವೈನ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿಗಳೂ ಇದೇ ದಾರಿಯಲ್ಲಿ ಕೆಲಸ ಮಾಡಿದ್ದರು. 1979ರಲ್ಲಿ ಮೂವರಿಗೂ ಸೇರಿ ನೊಬೆಲ್ ಬಹುಮಾನ ಬಂತು.

ನೋವೂ ಇತ್ತು. 1974ರಲ್ಲಿ ಪಾಕಿಸ್ತಾನ ಸಂವಿಧಾನ ತಿದ್ದಿ ಅಹ್ಮದೀಯರು ಮುಸ್ಲಿಮರಲ್ಲ ಎಂದಿತು. ಸಲಾಂ ಸರ್ಕಾರದ ಸಲಹೆಗಾರ ಹುದ್ದೆ ಬಿಟ್ಟರು. ಆದರೆ ಆ ದೇಶದ ಪೌರತ್ವ ಮಾತ್ರ ಬಿಡಲಿಲ್ಲ.

1996ರ ನವೆಂಬರ್ 21ರಂದು ಅವರು ಇಂಗ್ಲೆಂಡಿನಲ್ಲಿ ತೀರಿಕೊಂಡರು. ಅವರ ಸಮಾಧಿ ಪಾಕಿಸ್ತಾನದಲ್ಲಿದೆ. ಮರುವರ್ಷ ಟ್ರಿಯೆಸ್ಟ್ ಕೇಂದ್ರಕ್ಕೆ ಅವರ ಹೆಸರಿಟ್ಟರು. ಶುರುವಾದಂದಿನಿಂದ ವಿಜ್ಞಾನಿಗಳು ಅಲ್ಲಿಗೆ ಒಂದು ಲಕ್ಷಕ್ಕೂ ಹೆಚ್ಚು ಸಲ ಬಂದು ಹೋಗಿದ್ದಾರೆ. ದೇಶ ದೇಶದ ವಿಜ್ಞಾನಿಗಳು ಕೂಡಿ ಚರ್ಚಿಸಲು ನಮ್ಮ ಬೆಂಗಳೂರಿನಲ್ಲೂ ಒಂದು ಕೇಂದ್ರ ಇದೆ. ಅದು 2007ರಲ್ಲಿ ಆರಂಭವಾಯಿತು.

ನೋಡಿದಿರಾ? ಒಂಟಿತನ ಅನುಭವಿಸಿದ ಒಬ್ಬರು ಎಲ್ಲರೂ ಕೂಡುವ ಮನೆ ಕಟ್ಟಿದರು. ನಿಮ್ಮ ಕಲಿಕಾ ಕೇಂದ್ರವೂ ಅಂಥದ್ದೇ ಒಂದು ಮನೆ. ನಾಳೆ ಬರುವಾಗ, ಬರಲು ಹಿಂಜರಿಯುವ ಒಬ್ಬರನ್ನು ಜೊತೆಗೆ ಕರೆತನ್ನಿ.

ಹೊಸ ಪದಗಳು

ಭೌತವಿಜ್ಞಾನ: ವಸ್ತು, ಬಲ, ಬೆಳಕು, ಶಾಖ ಇವುಗಳನ್ನು ತಿಳಿಸುವ ವಿದ್ಯೆ
ಸಂಶೋಧನೆ: ಹೊಸದನ್ನು ಹುಡುಕಿ ತಿಳಿಯುವುದು
ಸಮ್ಮೇಳನ: ಒಂದು ವಿಷಯಕ್ಕಾಗಿ ಹಲವರು ಸೇರುವ ದೊಡ್ಡ ಸಭೆ
ಅಂತರರಾಷ್ಟ್ರೀಯ: ಹಲವು ದೇಶಗಳಿಗೆ ಸೇರಿದ
ಪ್ರತಿನಿಧಿ: ಇತರರ ಪರವಾಗಿ ಮಾತಾಡಲು ಹೋದವರು
ಪೌರತ್ವ: ಒಂದು ದೇಶದ ಪ್ರಜೆ ಎಂಬ ಹಕ್ಕು

ಓದಿ ಉತ್ತರ ಹೇಳಿ

1. ಸಲಾಂ ಲಾಹೋರನ್ನು ಯಾಕೆ ಬಿಟ್ಟರು?
2. ಟ್ರಿಯೆಸ್ಟ್ ಊರಿಗೂ ನಿಮ್ಮ ಊರಿಗೂ ಯಾವ ಹೋಲಿಕೆ ಇದೆ?
3. ಎತ್ತಿನ ಗಾಡಿಯ ಮಾತಿಗೆ ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?

ಬರೆಯಿರಿ

ನಿಮ್ಮ ಮನೆಯಿಂದ ದೂರ ಹೋಗಿರುವ ಒಬ್ಬರಿಗೆ ಐದು ಸಾಲಿನ ಕಾಗದ ಬರೆಯಿರಿ. ನೀವು ಈಗ ಏನು ಕಲಿಯುತ್ತಿದ್ದೀರಿ, ಯಾರ ಜೊತೆ ಕಲಿಯುತ್ತಿದ್ದೀರಿ ಎಂದು ತಿಳಿಸಿ.