ಪಿಕಪ್ ಗಾಡಿಗೆ ಕ್ಯಾರಿಯರ್ ಕೂಡಿಸುವ ಕ್ರಮ

ಮಳವಳ್ಳಿ ತಾಲ್ಲೂಕಿನಲ್ಲಿ ನಾಲೆಯ ನೀರು ಹತ್ತದ ಹೊಲಗಳಿಗೆ ಹನಿ ನೀರಾವರಿಯ ಕೊಳವೆಸುರುಳಿಗಳನ್ನೂ ತರಕಾರಿಗೆ ಬೇಕಾದ ಖಾಲಿ ಕ್ರೇಟುಗಳನ್ನೂ ಪಿಕಪ್ ಗಾಡಿಗಳಲ್ಲಿ ತರುವುದುಂಟು. ಇಂಥ ಹಗುರವಾದ, ಆದರೆ ಹೆಚ್ಚು ಸ್ಥಳ ಹಿಡಿಯುವ ಸಾಮಾನಿಗೆ ಕ್ಯಾಬಿನ್ನಿನ ಮೇಲೊಂದು ಕ್ಯಾರಿಯರ್ ಅನುಕೂಲವಾದುದು.

ಕ್ಯಾಬಿನ್ನಿನ ತಗಡು ಭಾರ ಹೊರಲು ಮಾಡಿದುದಲ್ಲ. ಆದಕಾರಣ ಕ್ಯಾರಿಯರಿನ ಕಾಲುಗಳನ್ನು ಹಿಂದಿನ ತೊಟ್ಟಿಗೆ ಮಾತ್ರ ಬೋಲ್ಟುಗಳಿಂದ ಬಿಗಿದು, ತಗಡಿಗೆ ತಾಗದಂತೆ ನಾಲ್ಕು ಬೆರಳು ಅಂತರ ಬಿಡತಕ್ಕದ್ದು. ಕೆಲವರು ಮುಂದಿನ ಕಾಲನ್ನು ಕ್ಯಾಬಿನ್ನಿಗೂ ಹಿಂದಿನದನ್ನು ತೊಟ್ಟಿಗೂ ಬೆಸೆಯಿಸುವರು. ಇದು ಸರಿಯಲ್ಲ, ಹಳ್ಳದಿಣ್ಣೆಯ ದಾರಿಯಲ್ಲಿ ಇವೆರಡೂ ಬೇರೆಬೇರೆಯಾಗಿ ಅಲುಗುವುದರಿಂದ ಬೆಸುಗೆಯು ಬಿರಿಯುವುದು. ದಪ್ಪ ಪಟ್ಟಿಗಿಂತ ಕಬ್ಬಿಣದ ಕೊಳವೆಯಿಂದ ಮಾಡಿದುದು ಹಗುರ. ಕ್ಯಾರಿಯರಿನ ತೂಕವೂ ಗಾಡಿಯ ಹೊರೆಯಲ್ಲಿಯೇ ಸೇರತಕ್ಕದ್ದಷ್ಟೆ. ಮೊದಲ ಪಯಣದ ತರುವಾಯ ಬೋಲ್ಟುಗಳನ್ನು ಪುನಃ ಬಿಗಿಸಬೇಕು.

ಗೊಬ್ಬರದ ಮೂಟೆ, ಪಂಪು ಮುಂತಾದ ಭಾರದ ವಸ್ತುಗಳು ತೊಟ್ಟಿಯಲ್ಲಿಯೇ ಇರಲಿ. ಮೇಲಿನ ಭಾರ ಹೆಚ್ಚಿದಷ್ಟೂ ತಿರುವಿನಲ್ಲಿ ಗಾಡಿ ಮಗುಚುವ ಭಯ ಹೆಚ್ಚು. ನಾಲೆಯ ಏರಿಯ ಮೇಲೆ ಮಗುಚಿದರೆ ಜನಸಮೇತ ನೀರಿಗೆ ಬೀಳುವುದು. ಕೂಲಿಯಾಳುಗಳನ್ನು ಕ್ಯಾರಿಯರಿನ ಮೇಲೆ ಕೂರಿಸಲೇಕೂಡದು.

1988ನೆಯ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ವಾಹನದ ಮಾರ್ಪಾಟಿಗೆ ಸಂಬಂಧಿಸಿದುದಾದ್ದರಿಂದ, ಕಮ್ಮಾರನಲ್ಲಿಗೆ ಹೋಗುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಸಾಮಾನು ಮಿತಿಮೀರಿ ಹೊರಚಾಚಿದರೆ 2019ರ ತಿದ್ದುಪಡಿಯಂತೆ ದಂಡವು 20,000 ರೂಪಾಯಿ.